ಹೆಸರೊಂದೇ ಸಾಕೇ, ವಿಳಾಸ ಬೇಡವೇ?

ಹನ್ನೆರಡು ಕಾರ್ಡುಗಳು, ಹನ್ನೆರಡಕ್ಕೂ ಒಂದೇ ತಲೆಬರಹ. ಚಿತ್ರಗಳು ಸರಿಯಾಗಿದ್ದವು, ಒತ್ತಿದರೆ ತೆರೆಯುವ ಪುಟಗಳೂ ಸರಿಯಾಗಿದ್ದವು. ತಲೆಬರಹ ಮಾತ್ರ ಎಲ್ಲದರ ಮೇಲೂ ಪುಟದ ನೆತ್ತಿಯಲ್ಲಿದ್ದ ಬ್ಯಾನರಿನದೇ. ತಲೆಬರಹದ ಕೆಳಗೆ ಸಾರಾಂಶ ಇರಬೇಕಾದ ಜಾಗ ಖಾಲಿ. ಲಾಗ್ ಕಡತದಲ್ಲಿ ಒಂದೇ ಒಂದು ಕೆಂಪು ಸಾಲಿಲ್ಲ. ಸುಮಾರು ಹತ್ತು ವರ್ಷದ ಹಿಂದೆ, ಒಂದು ಶುಕ್ರವಾರ ಸಂಜೆ, ಮನೆಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದ್ದ ನನ್ನನ್ನು ಮತ್ತೆ ಕುರ್ಚಿಗೆ ಎಳೆದು ಕೂರಿಸಿದ ದೃಶ್ಯ ಇದು. ಅಂದು ಬೆಳಗ್ಗೆ ತಂಡದ ಹುಡುಗನೊಬ್ಬ ಆ ಕಾರ್ಡಿನ ಜಾವಾ ಕ್ಲಾಸಿನಲ್ಲಿ ಬದಲಿಸಿದ್ದು ಒಂದೇ ಪದ. ಮಿಕ್ಕಿದ್ದನ್ನು ಅವನು ಮುಟ್ಟಿಯೂ ಇರಲಿಲ್ಲ ಎಂದು ಪ್ರಮಾಣ ಮಾಡಿದ. ಮುಟ್ಟಿರಲಿಲ್ಲ, ನಿಜ.

ಈ ಅಂಕಣ ಓದುವ ಹೊಸ ಪ್ರೋಗ್ರಾಮರುಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: "ಸ್ಲಿಂಗ್ ಮಾಡೆಲ್‌ನಲ್ಲಿ @ಇಂಜೆಕ್ಟ್ ಬರೆದರೂ ಕೆಲಸ ಆಗುತ್ತದೆ, @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ ಬರೆದರೂ ಆಗುತ್ತದೆ. ಯಾವುದು ಸರಿ?" ಎರಡೂ ನಡೆಯುತ್ತವೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ಹನ್ನೆರಡು ಕಾರ್ಡುಗಳನ್ನು ಕಣ್ಣಾರೆ ಕಂಡವನಿಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಈ ಲೋಕದ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಡೋಬಿ ಎಕ್ಸ್‌ಪೀರಿಯೆನ್ಸ್ ಮ್ಯಾನೇಜರ್, ನಮ್ಮವರ ಬಾಯಲ್ಲಿ ಎಇಎಂ, ದೊಡ್ಡ ದೊಡ್ಡ ಜಾಲತಾಣಗಳನ್ನು ನಡೆಸುವ ಒಂದು ತಂತ್ರಾಂಶ. ಇದರ ಮೂಲ ಅಮೆರಿಕವಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಅಲ್ಲಿನ ಡೇ ಸಾಫ್ಟ್‌ವೇರ್ ಕಟ್ಟಿದ್ದನ್ನು ಅಡೋಬಿ 2010ರಲ್ಲಿ ಕೊಂಡುಕೊಂಡಿತು. ರೆಸ್ಟ್ ಎಂಬ ವಿನ್ಯಾಸಕ್ಕೆ ಹೆಸರಿಟ್ಟ ರಾಯ್ ಫೀಲ್ಡಿಂಗ್ ಆ ಕಂಪನಿಯ ಮುಖ್ಯ ವಿಜ್ಞಾನಿಯಾಗಿದ್ದರು. ಹಾಗಾಗಿ ಅಲ್ಲಿಯ ತತ್ವವೂ ಅದೇ ದಾರಿಯದು: ಎಲ್ಲವೂ ಕಂಟೆಂಟ್, ಎಲ್ಲಕ್ಕೂ ಒಂದು ವಿಳಾಸ. ಇಡೀ ಜಾಲತಾಣ ಒಂದು ಮರ. ಪುಟ ಒಂದು ಕೊಂಬೆ, ಪುಟದೊಳಗಿನ ಕಾರ್ಡು ಅದರ ರೆಂಬೆ. ಸಂಪಾದಕ ವಿಭಾಗದವರು ಒಂದು ಡೈಲಾಗ್ ತೆರೆದು ತಲೆಬರಹ, ಸಾರಾಂಶ, ಚಿತ್ರ ತುಂಬಿ ಸರಿ ಎಂದು ಒತ್ತಿದರೆ, ಅವೆಲ್ಲ ಆ ರೆಂಬೆಗೆ ಪ್ರಾಪರ್ಟಿಗಳಾಗಿ ಅಂಟಿಕೊಳ್ಳುತ್ತವೆ. ಈ ಮರವನ್ನು ವೆಬ್ ವಿಳಾಸಕ್ಕೆ ಜೋಡಿಸುವ ಕೆಲಸ ಅಪಾಚೆ ಸ್ಲಿಂಗ್ ಎಂಬ ಮುಕ್ತ ತಂತ್ರಾಂಶದ್ದು.

ಮರದಲ್ಲಿ ಇರುವುದನ್ನು ಜಾವಾ ಕ್ಲಾಸಿನೊಳಕ್ಕೆ ತರುವುದು ಹೇಗೆ? ಎಇಎಂನ ಹೆಸರು ಸಿಕ್ಯೂ5 ಎಂದಿದ್ದ ಹಳೆಯ ಕಾಲದಲ್ಲಿ ಜೆಎಸ್‌ಪಿ ಕಡತದ ತಲೆಯಲ್ಲಿ ಗ್ಲೋಬಲ್ ಡಾಟ್ ಜೆಎಸ್‌ಪಿಯನ್ನು ಸೇರಿಸಿ, ಪ್ರಾಪರ್ಟೀಸ್ ಡಾಟ್ ಗೆಟ್ ಎಂದು ಒಂದೊಂದನ್ನೇ ಕೈಯಾರೆ ಕೇಳುತ್ತಿದ್ದೆವು. ಹತ್ತು ಪ್ರಾಪರ್ಟಿಗೆ ಹತ್ತು ಸಾಲು, ಪ್ರತಿ ಸಾಲಿಗೂ "ಸಿಗದಿದ್ದರೆ ಇದನ್ನು ಕೊಡು" ಎಂಬ ಬಾಲಂಗೋಚಿ. ಎಚ್‌ಟಿಎಂಎಲ್ ನಡುವೆ ಜಾವಾ, ಜಾವಾ ನಡುವೆ ಎಚ್‌ಟಿಎಂಎಲ್. ಮದುವೆ ಮನೆಯ ಉಗ್ರಾಣದಂತೆ ಎಲ್ಲವೂ ಅಲ್ಲೇ ಇರುತ್ತಿತ್ತು, ಯಾವುದೂ ಬೇಗ ಸಿಗುತ್ತಿರಲಿಲ್ಲ. 2014ರಲ್ಲಿ ಎಇಎಂ 6.0 ಬಂದಾಗ ಜೊತೆಗೇ ಸ್ಲಿಂಗ್ ಮಾಡೆಲ್ಸ್ ಬಂತು. ಈಗ ಒಂದು ಸಾಧಾರಣ ಜಾವಾ ಕ್ಲಾಸು ಬರೆದು, ಅದರ ನೆತ್ತಿಯ ಮೇಲೆ @ಮಾಡೆಲ್ ಎಂದು ಬರೆದು, ಟೈಟಲ್ ಎಂಬ ಫೀಲ್ಡಿನ ಮೇಲೆ ಒಂದು ಅನೋಟೇಷನ್ ಇಟ್ಟರೆ ಸಾಕು. ಬೆಲೆ ತಾನಾಗಿ ಬಂದು ಕೂರುತ್ತದೆ.

"ತಾನಾಗಿ" ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಅನೋಟೇಷನ್ ಏನನ್ನೂ ಮಾಡುವುದಿಲ್ಲ. ಅದು ಓಡುವುದಿಲ್ಲ, ಹುಡುಕುವುದಿಲ್ಲ, ತುಂಬುವುದಿಲ್ಲ. ಅಡಿಕೆ ಮಂಡಿಯಲ್ಲಿ ಮೂಟೆಯ ಮೇಲೆ ಬಣ್ಣದಲ್ಲಿ ಬರೆದ ಗುರುತು ಇರುತ್ತದಲ್ಲ, ಅಷ್ಟೇ ಅದರ ಯೋಗ್ಯತೆ. ಗುರುತು ಮೂಟೆ ಹೊರುವುದಿಲ್ಲ. ಗುರುತನ್ನು ಓದಿದ ಹಮಾಲಿ ಹೊರುತ್ತಾನೆ. ಇಲ್ಲಿ ಹಮಾಲಿಯ ಕೆಲಸ ಮಾಡುವುದು ಸ್ಲಿಂಗ್ ಒಳಗಿನ ಮಾಡೆಲ್ ಫ್ಯಾಕ್ಟರಿ. ಅದು ರಿಫ್ಲೆಕ್ಷನ್ ಬಳಸಿ ಕ್ಲಾಸನ್ನು ಬಿಚ್ಚಿ ನೋಡುತ್ತದೆ, ಯಾವ ಫೀಲ್ಡಿನ ಮೇಲೆ ಯಾವ ಗುರುತಿದೆ ಎಂದು ಓದುತ್ತದೆ, ಬೆಲೆ ಹುಡುಕಿ ತಂದು ತುಂಬುತ್ತದೆ. ಅದಕ್ಕೇ ಟೆಸ್ಟ್ ಬರೆಯುವಾಗ ನೀವೇ "ನ್ಯೂ ಕಾರ್ಡ್‌ಮಾಡೆಲ್" ಎಂದು ವಸ್ತು ಸೃಷ್ಟಿಸಿದರೆ ಎಲ್ಲ ಫೀಲ್ಡುಗಳೂ ನಲ್. ಮೂಟೆ ಇದೆ, ಗುರುತಿದೆ, ಹಮಾಲಿಯನ್ನು ಕರೆದೇ ಇಲ್ಲ! ಆ ಫ್ಯಾಕ್ಟರಿಯನ್ನೂ ಸೇರಿಸಿಕೊಂಡು ಟೆಸ್ಟ್ ಓಡಿಸಲೆಂದೇ ಸ್ಲಿಂಗ್ ಮಾಕ್ಸ್, ಎಇಎಂ ಮಾಕ್ಸ್ ಎಂಬ ಲೈಬ್ರರಿಗಳಿವೆ. ಕನ್‌ಸ್ಟ್ರಕ್ಟರ್ ಒಳಗೆ ಟೈಟಲ್ ಬಳಸಲು ಹೋಗಿ ನಲ್ ಸಿಕ್ಕಿತೆಂದು ದೂರುವವರ ಕಥೆಯೂ ಇದೇ. ಫೀಲ್ಡುಗಳನ್ನು ತುಂಬುವುದು ವಸ್ತು ಹುಟ್ಟಿದ ಮೇಲೆ. ಹುಟ್ಟುವಾಗಲೇ ಕೇಳಿದರೆ ಎಲ್ಲಿಂದ ಬರಬೇಕು? ತುಂಬಿದ ನಂತರ ಮಾಡುವ ಕೆಲಸಕ್ಕೆ @ಪೋಸ್ಟ್‌ಕನ್‌ಸ್ಟ್ರಕ್ಟ್ ಗುರುತಿನ ಮೆಥಡ್ ಇದೆ.

ಇನ್ನು @ಇಂಜೆಕ್ಟ್ ಎಂಬ ಗುರುತಿನ ವಂಶಾವಳಿ. ನಮ್ಮಲ್ಲಿ ಇಂಜೆಕ್ಷನ್ ಅಂದರೆ ಸೂಜಿ, ಡಾಕ್ಟರು, ಬಿಗಿಹಿಡಿದ ಉಸಿರು. ತಂತ್ರಾಂಶದಲ್ಲಿ ಈ ಪದಕ್ಕೆ ಪ್ರಚಾರ ಸಿಕ್ಕಿದ್ದು 2004ರ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ. ಒಂದು ವಸ್ತು ತನಗೆ ಬೇಕಾದ ಸಹಾಯಕರನ್ನು ತಾನೇ ಹುಡುಕಿಕೊಂಡು ಅಲೆಯಬಾರದು, ಹೊರಗಿನಿಂದ ಯಾರಾದರೂ ತಂದು ಒಳಗಿಡಬೇಕು ಎಂಬುದು ಅದರ ತಿರುಳು. ಅದೇ ವರ್ಷ ಜಾವಾ 5 ಅನೋಟೇಷನ್‌ಗಳನ್ನು ತಂದಿತು. ಅಲ್ಲಿಯವರೆಗೆ ಇಂಥ ಜೋಡಣೆಯನ್ನೆಲ್ಲ ಮಾರುದ್ದದ ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆಯುತ್ತಿದ್ದ ಜನ ನಿಟ್ಟುಸಿರು ಬಿಟ್ಟರು. 2009ರಲ್ಲಿ ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನ ಕಡೆಯವರೂ ಅಂಥದೇ ಆದ ಗೂಗಲಿನ ಗೈಸ್ ಕಡೆಯವರೂ ಕೂಡಿ ಜೆಎಸ್‌ಆರ್ 330 ಎಂಬ ಪುಟ್ಟ ಮಾನದಂಡ ಮಾಡಿದರು. ಪುಟ್ಟದು ಅಂದರೆ ನಿಜಕ್ಕೂ ಪುಟ್ಟದು: ಐದು ಅನೋಟೇಷನ್, ಒಂದು ಇಂಟರ್‌ಫೇಸ್. ಸ್ಲಿಂಗ್ ಮಾಡೆಲ್ಸ್ ಎರವಲು ಪಡೆದದ್ದು ಅಲ್ಲಿಯ @ಇಂಜೆಕ್ಟ್ ಅನ್ನು.

ನನ್ನ ಪ್ರಕಾರ ಎಡವಟ್ಟು ಆದದ್ದು ಈ ಎರವಲಿನಲ್ಲೇ. ಸ್ಪ್ರಿಂಗ್‌ನಂಥ ಲೋಕದಲ್ಲಿ @ಇಂಜೆಕ್ಟ್ ಕೇಳುವುದು ಕೆಲಸಗಾರರನ್ನು. "ನನಗೊಬ್ಬ ಹಣ ಪಾವತಿ ಮಾಡುವವನು ಬೇಕು" ಎಂದರೆ ಆ ಟೈಪಿನವನು ಇಡೀ ಅಪ್ಲಿಕೇಶನ್‌ನಲ್ಲಿ ಸಾಮಾನ್ಯವಾಗಿ ಒಬ್ಬನೇ ಇರುತ್ತಾನೆ. ಟೈಪೇ ಗುರುತು, ಹೆಸರು ಗೌಣ. ಕಂಟೆಂಟ್ ಲೋಕದಲ್ಲಿ ಇದು ತಲೆಕೆಳಗು. ಇಲ್ಲಿ ಬೇಕಾಗಿರುವುದು ಕೆಲಸಗಾರನಲ್ಲ, ಬೆಲೆ. ತಲೆಬರಹ ಒಂದು ಸ್ಟ್ರಿಂಗ್, ಸಾರಾಂಶ ಒಂದು ಸ್ಟ್ರಿಂಗ್, ಕೊಂಡಿಯೂ ಸ್ಟ್ರಿಂಗ್, ಬಟನ್ ಮೇಲಿನ "ಮುಂದೆ ಓದಿ" ಕೂಡ ಸ್ಟ್ರಿಂಗ್. ಟೈಪು ಏನನ್ನೂ ಹೇಳುವುದಿಲ್ಲ, ಹೆಸರೇ ಎಲ್ಲ. ಹೆಸರೆಂದರೋ, ಟೈಟಲ್, ನೇಮ್, ಲಿಂಕ್, ಟೆಕ್ಸ್ಟ್: ಜಗತ್ತಿನ ಪ್ರೋಗ್ರಾಮರುಗಳೆಲ್ಲ ಸೇರಿ ಬಳಸುವುದು ಇಂಥ ನಾಲ್ಕಾರು ಹೆಸರುಗಳನ್ನು ಮಾತ್ರ.

ಟೈಟಲ್ ಅಂದರೆ ನಮ್ಮ ಮಂಜುನಾಥ ಇದ್ದಂತೆ. ಬೀದಿಯಲ್ಲಿ ನಿಂತು "ಮಂಜೂ" ಎಂದು ಕೂಗಿದರೆ ಐದು ಕಿಟಕಿ ತೆರೆಯುತ್ತವೆ. ಬರೀ "ಮಂಜುನಾಥ" ಎಂದು ವಿಳಾಸ ಬರೆದ ಕಾಗದವನ್ನು ಹೊಸ ಅಂಚೆಯಣ್ಣನ ಕೈಗೆ ಕೊಟ್ಟರೆ ಅವನು ಮೊದಲ ಮನೆಯಿಂದ ಶುರುಮಾಡಿ ಬಾಗಿಲು ಬಡಿಯುತ್ತ ಹೋಗಿ, ಮೊದಲು ಸಿಕ್ಕ ಮಂಜುನಾಥನಿಗೆ ಕೊಟ್ಟು ಸೈಕಲ್ ಹತ್ತುತ್ತಾನೆ. ಸ್ಲಿಂಗ್ ಮಾಡೆಲ್ಸ್ ಮಾಡುವುದು ಅಕ್ಷರಶಃ ಇದನ್ನೇ. ಅಲ್ಲಿ ಇಂಜೆಕ್ಟರುಗಳು ಎಂಬ ಮನೆಗಳ ಸಾಲಿದೆ, ಪ್ರತಿ ಮನೆಗೂ ಕ್ರಮಾಂಕವಿದೆ, ಸಣ್ಣ ಕ್ರಮಾಂಕದ ಮನೆ ಮೊದಲು. 1000ನೇ ಮನೆ ಸ್ಕ್ರಿಪ್ಟ್ ಬೈಂಡಿಂಗ್ಸ್, ಅಂದರೆ ಪುಟ ರೆಂಡರ್ ಆಗುವಾಗ ಕೈಗೆಟಕುವ ಕರೆಂಟ್ ಪೇಜ್‌ನಂಥ ವಸ್ತುಗಳು. 2000ದಲ್ಲಿ ವ್ಯಾಲ್ಯೂ ಮ್ಯಾಪ್, ಸಂಪಾದಕರು ಡೈಲಾಗಿನಲ್ಲಿ ತುಂಬಿದ್ದು ಇರುವ ಮನೆ. 3000ದಲ್ಲಿ ಮಕ್ಕಳ ನೋಡ್‌ಗಳು. 4000ದಲ್ಲಿ ರಿಕ್ವೆಸ್ಟ್ ಆಟ್ರಿಬ್ಯೂಟ್‌ಗಳು. 5000ದಲ್ಲಿ ಓಎಸ್‌ಜಿಐ ಸರ್ವಿಸ್‌ಗಳು, ಅಂದರೆ ಆಗಲೇ ಹೇಳಿದಂಥ ಕೆಲಸಗಾರರು. ಬರೀ @ಇಂಜೆಕ್ಟ್ ಎಂದು ಬರೆದರೆ ಈ ಸಾಲಿನಲ್ಲಿ ಬಾಗಿಲು ಬಡಿಯುತ್ತ ಹೋಗುವುದು. ಎಲ್ಲಿ ಮೊದಲು ಹೊಂದುವ ಬೆಲೆ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು.

ಆ ಶುಕ್ರವಾರದ ಹುಡುಗ ಬದಲಿಸಿದ್ದ ಒಂದು ಪದಕ್ಕೆ ಈಗ ಬರೋಣ. ಮಾಡೆಲ್ ಯಾವುದರಿಂದ ಹುಟ್ಟಬೇಕು ಎಂಬುದನ್ನು @ಮಾಡೆಲ್ ಒಳಗೆ ಅಡಾಪ್ಟಬಲ್ಸ್ ಎಂಬಲ್ಲಿ ಹೇಳಬೇಕಾಗುತ್ತದೆ. ನಮ್ಮ ಕಾರ್ಡು ರಿಸೋರ್ಸ್‌ನಿಂದ, ಅಂದರೆ ನೇರವಾಗಿ ಮರದ ರೆಂಬೆಯಿಂದ ಹುಟ್ಟುತ್ತಿತ್ತು. ಅವನಿಗೆ ಕರೆಂಟ್ ಪೇಜ್ ಬೇಕಾಯಿತು. ಅದು ರಿಸೋರ್ಸ್‌ಗೆ ಸಿಗುವುದಿಲ್ಲ, ರಿಕ್ವೆಸ್ಟ್‌ಗೆ ಸಿಗುತ್ತದೆ. ಸರಿ, ರಿಸೋರ್ಸ್ ಎಂಬಲ್ಲಿ ರಿಕ್ವೆಸ್ಟ್ ಎಂದು ಬರೆದ. ಕರೆಂಟ್ ಪೇಜ್ ಬಂತು, ಅವನು ಖುಷಿಯಾಗಿ ಊಟಕ್ಕೆ ಹೋದ. ಆದರೆ ನಮ್ಮಲ್ಲಿದ್ದ ಆವೃತ್ತಿಯಲ್ಲಿ ರಿಕ್ವೆಸ್ಟ್‌ನ ಕೈಯಲ್ಲಿ 2000ನೇ ಮನೆಯ ಬಾಗಿಲು ತೆರೆಯುತ್ತಿರಲಿಲ್ಲ. "ರಿಸೋರ್ಸ್ ಮೂಲಕ ಹೋಗು" ಎಂದು @ವಯಾ ಗುರುತು ಹಾಕಿ ಹೇಳಬೇಕಿತ್ತು. ಹೇಳಿರಲಿಲ್ಲ. ಹಾಗಾಗಿ ಟೈಟಲ್ ಹುಡುಕಾಟ 2000 ದಾಟಿ, 3000 ದಾಟಿ, 4000ಕ್ಕೆ ಬಂತು. ಅಲ್ಲೊಬ್ಬ ಟೈಟಲ್ ಕೂತಿದ್ದ! ಪುಟದ ಮೇಲಿನ ಬ್ಯಾನರು ಯಾವುದೋ ಲೆಕ್ಕಾಚಾರಕ್ಕೆಂದು ತನ್ನ ತಲೆಬರಹವನ್ನು ಅದೇ ಹೆಸರಿನಲ್ಲಿ ರಿಕ್ವೆಸ್ಟ್‌ಗೆ ಅಂಟಿಸಿ ಹೋಗಿತ್ತು. ಒಂದು ಪುಟದ ಎಲ್ಲ ಕಾಂಪೊನೆಂಟ್‌ಗಳೂ ಹಂಚಿಕೊಳ್ಳುವುದು ಅದೇ ರಿಕ್ವೆಸ್ಟನ್ನು, ಆದ್ದರಿಂದ ಹನ್ನೆರಡು ಕಾರ್ಡಿಗೂ ಅದೇ ಮಂಜುನಾಥ. ಸಾರಾಂಶವೆಂಬ ಹೆಸರಿನವರು ಯಾವ ಮನೆಯಲ್ಲೂ ಇರಲಿಲ್ಲ, ಆ ಫೀಲ್ಡು ಐಚ್ಛಿಕ ಬೇರೆ, ಹಾಗಾಗಿ ಸದ್ದಿಲ್ಲದೆ ಖಾಲಿ. ಚಿತ್ರ ಮತ್ತು ಕೊಂಡಿ ಬಚಾವಾಗಿದ್ದು ಏಕೆಂದರೆ ಅವನ್ನು ಯಾರೋ ಹಳಬರು ಹಳೆಯ ಪದ್ಧತಿಯಲ್ಲಿ ಕೈಯಾರೆ ಓದಿದ್ದರು. ಹಳಬರನ್ನು ಆಡಿಕೊಳ್ಳುತ್ತಿದ್ದ ನಾನು ಅಂದು ಬಾಯಿ ಮುಚ್ಚಿಕೊಂಡೆ.

ವಿಳಾಸ ಬರೆಯುವ ಸೌಲಭ್ಯ ಸ್ಲಿಂಗ್‌ನಲ್ಲೇ ಇದೆ. @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ ಎಂದರೆ ಡೈಲಾಗಿನಲ್ಲಿ ತುಂಬಿದ ಪ್ರಾಪರ್ಟಿಯಿಂದ ಮಾತ್ರ. @ಚೈಲ್ಡ್‌ರಿಸೋರ್ಸ್ ಎಂದರೆ ಮಗುವಿನ ನೋಡ್. @ಸ್ಕ್ರಿಪ್ಟ್‌ವೇರಿಯಬಲ್, @ರಿಕ್ವೆಸ್ಟ್‌ಆಟ್ರಿಬ್ಯೂಟ್, @ಓಎಸ್‌ಜಿಐಸರ್ವಿಸ್ ಹೆಸರೇ ಹೇಳುವಂತೆ ಅವರವರ ಮನೆಗೆ. ಅಡಾಪ್ಟಬಲ್ ರಿಕ್ವೆಸ್ಟ್ ಆಗಿದ್ದರೆ @ವ್ಯಾಲ್ಯೂಮ್ಯಾಪ್‌ವ್ಯಾಲ್ಯೂ ತಾನೇ ರಿಸೋರ್ಸ್ ಮೂಲಕ ಹೋಗುವ ಅನುಕೂಲವೂ ಮುಂದಿನ ಆವೃತ್ತಿಗಳಲ್ಲಿ ಬಂತು. ಇದಿದ್ದಿದ್ದರೆ ಆ ಶುಕ್ರವಾರ ನಾನು ಒಂಬತ್ತರ ಬಸ್ಸು ಹಿಡಿಯುತ್ತಿರಲಿಲ್ಲ. ಪ್ರಾಪರ್ಟಿಯ ಹೆಸರು ಮತ್ತು ಫೀಲ್ಡಿನ ಹೆಸರು ಬೇರೆಯಿದ್ದರೂ ಇಲ್ಲೇ ಹೇಳಬಹುದು. ಎಇಎಂನಲ್ಲಿ ಪುಟದ ತಲೆಬರಹದ ನಿಜವಾದ ಹೆಸರು ಜೆಸಿಆರ್, ಒಂದು ಕೋಲನ್, ಆಮೇಲೆ ಟೈಟಲ್. ಜಾವಾದಲ್ಲಿ ಫೀಲ್ಡಿನ ಹೆಸರಿನೊಳಗೆ ಕೋಲನ್ ಇಡುವಂತಿಲ್ಲ. ಎಷ್ಟೋ ಹೊಸಬರ ಮೊದಲ "ಬೆಲೆ ಬರುತ್ತಿಲ್ಲ ಸರ್" ಇದೇ ಕೋಲನ್ನಿನ ಕಥೆ.

ಇದಕ್ಕೆ ತಕರಾರು ಇಲ್ಲದಿಲ್ಲ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದರು: "ಬೆಲೆ ಎಲ್ಲಿಂದ ಬಂತು ಎಂಬುದು ಕ್ಲಾಸಿಗೆ ತಿಳಿಯಬಾರದು, ಅದೇ ತಾನೇ ಇಂಜೆಕ್ಷನ್ನಿನ ಸೊಗಸು? ನೀನು ವಿಳಾಸ ಬರೆದು ಆ ಸೊಗಸು ಕೆಡಿಸುತ್ತಿದ್ದೀಯ." ಮಾತಿನಲ್ಲಿ ಹುರುಳಿದೆ. ಪಾವತಿ ಮಾಡುವವನು ನಾಳೆ ಬದಲಾಗಬಹುದು, ಅವನ ಊರು ಕೇರಿ ಕ್ಲಾಸಿಗೆ ಬೇಡ. ಆದರೆ ಕಾರ್ಡಿನ ತಲೆಬರಹ ಡೈಲಾಗಿನಿಂದ ಬಿಟ್ಟು ಬೇರೆಲ್ಲಿಂದಲೋ ಬರಲಿ ಎಂದು ಯಾವ ಸಂಪಾದಕರು ಬಯಸಿದ್ದಾರೆ? ಬೇರೆಲ್ಲಿಂದಲೋ ಬಂದರೆ ಅದು ಸೊಗಸಲ್ಲ, ಅಪಘಾತ. ಅಡೋಬಿಯವರು 2017ರಿಂದ ಮುಕ್ತವಾಗಿ ಕೊಡುತ್ತಿರುವ ಕೋರ್ ಕಾಂಪೊನೆಂಟ್ಸ್ ಕೋಡನ್ನು ತೆರೆದು ನೋಡಿ. ಅಲ್ಲಿಯ ಮಾಡೆಲ್‌ಗಳಲ್ಲಿ ವಿಳಾಸ ಸಮೇತದ ಈ ಗುರುತುಗಳೇ ಸಾಲುಸಾಲಾಗಿ ಕಾಣುತ್ತವೆ.

ವಿಳಾಸಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಶ್ನೆ: ಬೆಲೆ ಸಿಗದೇ ಹೋದರೆ? ಸ್ಲಿಂಗ್ ಮಾಡೆಲ್ಸ್‌ನಲ್ಲಿ ನೀವೇನೂ ಹೇಳದಿದ್ದರೆ ಪ್ರತಿ ಫೀಲ್ಡೂ ಕಡ್ಡಾಯ. ಒಂದು ಸಿಗದಿದ್ದರೂ ಇಡೀ ಮಾಡೆಲ್ ಹುಟ್ಟುವುದಿಲ್ಲ. ಪ್ರೋಗ್ರಾಮರನ ಮನಸ್ಸಿಗೆ ಇದು ಶಿಸ್ತು ಅನ್ನಿಸುತ್ತದೆ. ಒಮ್ಮೆ ಬಹುಭಾಷೆಯ ತಾಣವೊಂದರಲ್ಲಿ ಇಂಗ್ಲಿಷ್ ಪುಟದ ನಕಲು ತೆಗೆದು ಕನ್ನಡ ಪುಟ ಸಿದ್ಧಪಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ತಲೆಬರಹ, ಉಪಶೀರ್ಷಿಕೆ ಎರಡೂ ಇದ್ದವು. ಕನ್ನಡ ಮಾಡಿದ ಹೆಣ್ಣುಮಗಳು ಎರಡನ್ನೂ ಒಂದೇ ಚಂದದ ಸಾಲಿನಲ್ಲಿ ಹೇಳಿ, ಉಪಶೀರ್ಷಿಕೆಯನ್ನು ಖಾಲಿ ಬಿಟ್ಟಳು. ಒಳ್ಳೆಯ ಅನುವಾದಕಿ ಮಾಡಬೇಕಾದದ್ದನ್ನೇ ಮಾಡಿದಳು. ಡೈಲಾಗಿನಲ್ಲಿ ಖಾಲಿ ಮಾಡಿದ ಖಾನೆ ಮರದಲ್ಲಿ ಖಾಲಿ ಬರಹವಾಗಿ ಉಳಿಯುವುದಿಲ್ಲ, ಆ ಪ್ರಾಪರ್ಟಿಯೇ ಇಲ್ಲವಾಗುತ್ತದೆ. ಕಡ್ಡಾಯದ ಫೀಲ್ಡು ಸಿಗಲಿಲ್ಲ, ಮಾಡೆಲ್ ಹುಟ್ಟಲಿಲ್ಲ, ಪಟ್ಟಿ ತಯಾರಿಸುವ ಕೋಡು "ನಲ್ ಬಂದರೆ ಬಿಟ್ಟುಬಿಡು" ಎಂಬ ತನ್ನ ನಿಯಮದಂತೆ ಬಿಟ್ಟುಬಿಟ್ಟಿತು. ಕನ್ನಡ ಪುಟದಲ್ಲಿ ಕಾರ್ಡೇ ಮಾಯ. ಎರಡು ದಿನ ಎಲ್ಲರೂ ದೂರಿದ್ದು ಫಾಂಟನ್ನು, ಯೂನಿಕೋಡನ್ನು, ಕೊನೆಗೆ ಅವಳನ್ನು.

ಅಂದಿನಿಂದ ನನ್ನದೊಂದು ಹಟವಿದೆ. ಮನುಷ್ಯರು ಕೈಯಾರೆ ತುಂಬುವ ಯಾವ ಫೀಲ್ಡನ್ನೂ ನಾನು ಕಡ್ಡಾಯ ಮಾಡುವುದಿಲ್ಲ. ಕಾಂಪೊನೆಂಟನ್ನು ಪುಟಕ್ಕೆ ಎಳೆದು ಹಾಕಿದ ಆ ಮೊದಲ ಗಳಿಗೆಯಲ್ಲಿ, ಡೈಲಾಗ್ ಇನ್ನೂ ತೆರೆದೇ ಇರದಾಗ, ಯಾವ ಬೆಲೆಯೂ ಇರುವುದಿಲ್ಲ. ಅಷ್ಟಕ್ಕೇ ಮುರಿದು ಬೀಳುವ ಮಾಡೆಲ್ ಅತಿಥಿ ಚಪ್ಪಲಿ ಬಿಡುವ ಮೊದಲೇ ಗದರುವ ಮನೆಯೊಡೆಯನಂತೆ. ಇಡೀ ಕ್ಲಾಸಿಗೆ ಐಚ್ಛಿಕ ಎಂದು ಡೀಫಾಲ್ಟ್ ಇಂಜೆಕ್ಷನ್ ಸ್ಟ್ರಾಟಜಿಯಲ್ಲಿ ಹೇಳಿಬಿಡಬಹುದು, ಬೇಕಾದಲ್ಲಿ @ಡೀಫಾಲ್ಟ್ ಹಾಕಿ ಬದಲಿ ಬೆಲೆ ಕೊಡಬಹುದು. ಓಎಸ್‌ಜಿಐ ಸರ್ವಿಸ್ ಮಾತ್ರ ಕಡ್ಡಾಯವೇ ಇರಲಿ; ಅದಿಲ್ಲದಿದ್ದರೆ ತಪ್ಪು ನಮ್ಮದು, ಆ ತಪ್ಪು ಗಟ್ಟಿಯಾಗಿ ಕೂಗಬೇಕು. ಕೂಗಬೇಕೆಂದರೆ ಇನ್ನೊಂದು ಸಣ್ಣ ಸಂಗತಿ: ಮಾಡೆಲ್ ಹುಟ್ಟಿಸಲು ಅಡಾಪ್ಟ್‌ಟು ಎಂದು ಕರೆದರೆ ಸೋತಾಗ ನಲ್ ಕೊಟ್ಟು ಸುಮ್ಮನಾಗುತ್ತದೆ, ಮಾಡೆಲ್ ಫ್ಯಾಕ್ಟರಿಯ ಕ್ರಿಯೇಟ್‌ಮಾಡೆಲ್ ಆದರೆ ಏನು ಸಿಗಲಿಲ್ಲ ಎಂದು ಎಕ್ಸೆಪ್ಶನ್ ಎಸೆಯುತ್ತದೆ. ಕನ್ನಡ ಪುಟದ ಆ ಪಟ್ಟಿಯಲ್ಲಿದ್ದದ್ದು ಅಡಾಪ್ಟ್‌ಟು ಎಂದು ಬೇರೆ ಹೇಳಬೇಕಿಲ್ಲ.

ಕನ್‌ಸ್ಟ್ರಕ್ಟರ್ ಮೂಲಕವೇ ಬೆಲೆ ತುಂಬಬಾರದೇಕೆ ಎಂದು ಸ್ಪ್ರಿಂಗ್‌ನಿಂದ ಬಂದವರು ಕೇಳುತ್ತಾರೆ. ತುಂಬಬಹುದು. ಆದರೆ ಜಾವಾ ಕಂಪೈಲ್ ಮಾಡುವಾಗ ಪ್ಯಾರಾಮೀಟರುಗಳ ಹೆಸರನ್ನು ವಾಡಿಕೆಯಾಗಿ ಉಳಿಸಿಕೊಳ್ಳುವುದಿಲ್ಲ. ಹೆಸರೇ ಎಲ್ಲವಾಗಿರುವ ಈ ಲೋಕದಲ್ಲಿ ಪ್ರತಿಯೊಂದಕ್ಕೂ @ನೇಮ್ಡ್ ಹಾಕಿ ಮತ್ತೆ ಹೆಸರಿಡಬೇಕಾಗುತ್ತದೆ. ಸರ್ವಿಸ್‌ಗಳಷ್ಟೇ ಇರುವ ಪುಟ್ಟ ಕ್ಲಾಸಿಗೆ ಚೆನ್ನ, ಇಪ್ಪತ್ತು ಪ್ರಾಪರ್ಟಿಯ ಕಾರ್ಡಿಗೆ ನನಗಂತೂ ತಾಳ್ಮೆಯಿಲ್ಲ.

ಆ ಹನ್ನೆರಡು ಕಾರ್ಡಿನ ಕೋಡು ಈಗಲೂ ಎಲ್ಲೋ ಓಡುತ್ತಿದೆ. ಮರುವಾರವೇ ಕೂತು @ಇಂಜೆಕ್ಟ್‌ಗಳನ್ನು ಒಂದೊಂದಾಗಿ ತೆಗೆದು ವಿಳಾಸ ಬರೆದೆವು. ಒಂದು ಉಳಿಯಿತು. ಲೇಬಲ್ ಎಂಬ ಫೀಲ್ಡು. ಡೈಲಾಗಿನಲ್ಲಿ ಆ ಹೆಸರಿನ ಖಾನೆಯಿಲ್ಲ, ಯಾವ ಕಾಂಪೊನೆಂಟೂ ಆ ಹೆಸರಿನಲ್ಲಿ ರಿಕ್ವೆಸ್ಟ್‌ಗೆ ಏನನ್ನೂ ಅಂಟಿಸುವುದಿಲ್ಲ. ಎಇಎಂನ ನಿರ್ವಹಣೆಗಿರುವ ಫೀಲಿಕ್ಸ್ ಕನ್ಸೋಲ್‌ನಲ್ಲಿ ಸ್ಲಿಂಗ್ ಮಾಡೆಲ್ಸ್ ಪುಟ ತೆರೆದು, ಇಂಜೆಕ್ಟರುಗಳ ಸಾಲನ್ನು ಮೇಲಿಂದ ಕೆಳಗೆ ಓದಿ, ಪ್ರತಿ ಮನೆಯ ವಿಳಾಸವನ್ನೂ ಹಾಕಿ ನೋಡಿದೆವು. ಯಾವುದನ್ನು ಹಾಕಿದರೂ ಮುಖಪುಟದ ಒಂದು ಬಟನ್ನಿನ ಮೇಲಿನ ಬರಹ ಮಾಯವಾಗುತ್ತಿತ್ತು, @ಇಂಜೆಕ್ಟ್ ಮರಳಿ ಇಟ್ಟರೆ ಬರುತ್ತಿತ್ತು. ಹುಡುಗ ಅದರ ಮೇಲೆ "ಮುಟ್ಟಬೇಡಿ" ಎಂದು ಕಾಮೆಂಟ್ ಬರೆದ. ನಾನು ಅದನ್ನು ರಿವ್ಯೂನಲ್ಲಿ ಒಪ್ಪಿದೆ.